ತುದಿಗೆ ಬಿಸಿನೀರು

ಹೆಣೆಯುವುದು ಯಾರಿಗೆ ಬರುವುದಿಲ್ಲ?
ಬಿಚ್ಚಿಹೋಗದಂತೆ ನಿಲ್ಲಿಸುವುದು, ಅದು ಕೆಲಸ,
ಅಂದಳು ಅಕ್ಪೆನೆ ಮೊದಲ ದಿನವೇ,
ನನ್ನ ಕೈಗೆ ಬಾಚಣಿಗೆ ಕೊಡದೆ
ಕೆಟಲು ಕೊಟ್ಟು.

ಒಂದು ವರ್ಷ ನೀರು ಕಾಯಿಸಿದೆ.
ಲೋಮೆಯ ದೆಕೊನ್ ವೃತ್ತದ ಹಿಂದೆ, ನೀಲಿ ಟಾರ್ಪಾಲಿನಡಿ
ಮೂರು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲಿಗೆ ತಂತಿ ಸುತ್ತಿತ್ತು,
ಇದ್ದಿಲೊಲೆ, ಸುಣ್ಣದಲ್ಲಿ ದರ ಬರೆದ ಹಲಗೆ.
ಬೈಕ್ ಟ್ಯಾಕ್ಸಿಗಳೆಬ್ಬಿಸಿದ ಕೆಂಧೂಳು
ನೀರಿಗೆ ಬೀಳದಂತೆ ಕಾಯುವುದೇ ನನ್ನ ಓದು.

ಎರಡು ಜಡೆ ಒಂದೆಡೆ ಕೂಡವು ಎನ್ನುವವರು
ಇಲ್ಲಿ ಬಂದು ನೋಡಲಿ:
ಒಂದೇ ತಲೆಯ ಮೇಲೆ ಎಪ್ಪತ್ತೆರಡು.
ಜಗಳವೇನಿದ್ದರೂ ಚಿಲ್ಲರೆಯದ್ದು.

ನೋಡಿ ನೋಡಿ ಕಲಿತದ್ದು ಇಷ್ಟು:
ಬುಡ ಬಿಗಿಯಬೇಡ. ಬಿಗಿದರೆ
ನೆತ್ತಿ ಮೂರು ರಾತ್ರಿ ನಿದ್ದೆಗೆಡುತ್ತದೆ,
ಹಣೆಯಂಚಿನ ಎಳೆಗೂದಲು ಒಂದು ದಿನ
ಹೇಳದೆ ಕೇಳದೆ ಹೊರಟುಹೋಗುತ್ತದೆ.
ನಡುವೆ ಕೈ ಬದಲಾಗಬಾರದು. ಜಡೆಗೆ ಗೊತ್ತಾಗುತ್ತದೆ.
ತುದಿಗೆ ಬಂದಾಗ ಮಾತು ನಿಲ್ಲಿಸು,
ಮೂರೆಳೆ ಎರಡಾಗಿ, ಎರಡು ಒಂದಾಗಿ,
ಆ ಒಂದೂ ಜಾರುವ ಮೊದಲು
ಕುದಿನೀರಿಗೆ ಅದ್ದು.
ಹತ್ತು ಎಣಿಸು. ಟವೆಲಿನಲ್ಲಿ ಹಿಂಡು.
ಈಗ ಅದಕ್ಕೆ ಬಂದ ದಾರಿ ಮರೆತಿರುತ್ತದೆ.

ಮರೆಯುವುದು ಪೊಟ್ಟಣದ ಕೂದಲಷ್ಟೇ.
ಒಳಗೆ ಸೇರಿಕೊಂಡ ನಮ್ಮ ಕೂದಲು
ಸುರುಳಿ ಸುರುಳಿಯಾಗಿ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದೆ.

ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿ ಮಲಗು, ಹತ್ತಿಯ ದಿಂಬು ಕಳ್ಳ,
ಎಂದು ಹೇಳಿ ಕಳಿಸುತ್ತಿದ್ದೆವು ಎಲ್ಲರಿಗೂ.
ಟೋಪಿಯೊಳಗೆ ಕೂರಬೇಕೆಂಬ ಪೊಲೀಸಿನವಳಿಗೆ,
ಹಣದ ಬದಲು ಹೊಗೆಮೀನು ತರುವ ಮುದುಕಿಗೆ,
ಕಾಫುಯಿಗೆ. ಅವಳದು ಆರು ವಾರಕ್ಕೊಮ್ಮೆ,
ಸೊಂಟ ಮುಟ್ಟುವಷ್ಟು ಉದ್ದ, ಸಣ್ಣ ಹೆಣಿಗೆ,
ಗಂಡನ ಲಾರಿ ಉತ್ತರದಿಂದ ಇಳಿಯುವ ವಾರಕ್ಕೆ ಸರಿಯಾಗಿ.

ಆ ಸಲ ಎರಡನೇ ವಾರಕ್ಕೇ ಬಂದಳು.
ಕೂತಳು, ತಂತಿ ಸುತ್ತಿದ ಕುರ್ಚಿಯಲ್ಲೇ.
ಬಿಚ್ಚಿ ಕೊಡಿ, ಅಂದಳು.
ಅತ್ತೆಯ ಮನೆಯವರು ಹೇಳಿ ಕಳಿಸಿದ್ದಾರಂತೆ,
ಹೆಣ ದಪಾಂಗಿನಿಂದ ನಾಳೆ ಬರುತ್ತದಂತೆ,
ತಲೆ ಬಿಚ್ಚಿರಬೇಕಂತೆ.
ಅವಳ ಮಾತಿನಲ್ಲಿ ಅಷ್ಟೊಂದು 'ಅಂತೆ',
ಇನ್ನಾರದೋ ಸುದ್ದಿ ಎಂಬ ಹಾಗೆ.

ನಾನು ಕತ್ತರಿ ಎತ್ತಿದೆ. ತುದಿ ಕತ್ತರಿಸಿದರೆ
ಬೇಗ ಮುಗಿಯುತ್ತದೆ, ಎಲ್ಲರೂ ಹಾಗೇ ಮಾಡುವುದು.
ಅಕ್ಪೆನೆ ನನ್ನ ಕೈಗೆ ಹೊಡೆದಳು.
ಸೂಜಿ ತಾ.

ಒಂದೊಂದೇ ತುದಿಯನ್ನು ಸೂಜಿಯಿಂದ ಕೆದಕಿ,
ನಾವೇ ಮರೆಸಿದ ದಾರಿಯನ್ನು ನಾವೇ ನೆನಪಿಸುತ್ತ
ಇಬ್ಬರೂ ಎಡಕ್ಕೊಬ್ಬರು ಬಲಕ್ಕೊಬ್ಬರು.
ಬೀದಿದೀಪ ಹತ್ತಿತು. ಅಂಗಡಿಗಳು ಮುಚ್ಚಿದವು.
ಕರೆಂಟು ಹೋಯಿತು, ಫೋನಿನ ಬೆಳಕಿನಲ್ಲಿ ಬಿಚ್ಚಿದೆವು.
ಕಾಫುಯಿ ನಡುವೆ ಒಮ್ಮೆ ನಿದ್ದೆಹೋದಳು,
ತಲೆ ನನ್ನ ಹೊಟ್ಟೆಗೆ ಒರಗಿತು, ಮಗುವಿನಷ್ಟು ಭಾರ.
ಆಗ ಗೊತ್ತಾಯಿತು ಕತ್ತರಿ ಯಾಕೆ ಬೇಡವೆಂದು:
ಬಿಚ್ಚಿ ಮುಗಿಯುವವರೆಗೆ
ಅವಳು ಮನೆಗೆ ಹೋಗಬೇಕಾಗಿರಲಿಲ್ಲ.

ಅಭ್ಯಾಸಬಲದಿಂದ ನೀರು ಕುದಿಸಿಟ್ಟಿದ್ದೆ.
ಅಕ್ಪೆನೆ ಬಾಗಿಲ ಕಡೆ ತಿರುಗಿದ್ದಾಗ
ಕಾಫುಯಿ ನನ್ನ ಮಣಿಕಟ್ಟು ಹಿಡಿದಳು.
ಎಡಗಿವಿಯ ಹಿಂದೆ, ತೀರ ಒಳಗೆ.
ಏನೂ ಹೇಳಲಿಲ್ಲ. ಹಿಡಿದಳು ಅಷ್ಟೇ.

ಎಷ್ಟಾಯಿತು ಎಂದು ಕೇಳಿದಳು ಎದ್ದು, ತಲೆಗೆ ಬಟ್ಟೆ ಸುತ್ತುತ್ತ.
ಹಲಗೆಯಲ್ಲಿ ಬಿಚ್ಚುವುದಕ್ಕೆ ದರ ಬರೆದಿರಲಿಲ್ಲ.

ಅವಳು ಹೋದ ಮೇಲೆ ಅಕ್ಪೆನೆ ನೆಲದ ಮೇಲಿನ
ಎಳೆಗಂಟುಗಳನ್ನು ಕುಕ್ಕರಗಾಲಲ್ಲಿ ಕೂತು ಎಣಿಸಿದಳು,
ತೊಳೆದು ಮತ್ತೆ ಬಳಸುವುದಕ್ಕೆ.
ಎಪ್ಪತ್ತೊಂದು.
ಇನ್ನೊಮ್ಮೆ ಎಣಿಸಿದಳು.
ನನ್ನ ಒದ್ದೆ ಟವೆಲ್ ನೋಡಿದಳು.
ಕೆಟಲಿನ ನೀರನ್ನು ಚರಂಡಿಗೆ ಚೆಲ್ಲಿ ಬಾ, ಅಂದಳು,
ನಿಧಾನ, ಇನ್ನೂ ಬಿಸಿಯಿದೆ.